ಕುದುರೆಮುಖದ ತುದಿ ಮುಟ್ಟದೆ ಬಂದೆವು

ನಮ್ಮ ಮನೆಯಲ್ಲಿ ತಿರುಗಾಟ ಅಂದ್ರೆ ಪಣಂಬೂರು ಬೀಚು, ಹೆಚ್ಚೆಂದರೆ ಪಿಲಿಕುಳ. ಈ ಸಲ ಡಿಗ್ರಿ ಓದುವ ಮಗಳು "ಕುದುರೆಮುಖ ಹತ್ತುವಾ" ಎಂದಳು. ನಾವು ಹೂಂ ಅನ್ನುವ ಮೊದಲೇ ಬಾಪ "ನಾನೂ ಬರ್ತೇನೆ" ಎಂದರು. ಬಾಪನಿಗೆ 64 ವರ್ಷ, ಎಡಗಾಲಿನ ಮೊಣಗಂಟು ನೋವು ಬೇರೆ. ಆದರೆ ಅವರ ಮಾತಿಗೆ ಎದುರಾಡುವುದು ಕಷ್ಟವಾಯಿತು. "ಕುದುರೆಮುಖದ ಅದಿರು ಪೈಪಿನಲ್ಲಿ ಪಣಂಬೂರಿಗೆ ಬರ್ತಿದ್ದ ಕಾಲದಲ್ಲಿ ನಾನು ಬಂದರಿಗೆ ಲಾರಿ ಓಡಿಸಿದವ. ಅದು ಹೊರಟ ಜಾಗ ಮಾತ್ರ ನೋಡಿಲ್ಲ."

ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ ಸುಮಾರು 67 ಕಿ.ಮೀ. ಪೈಪಿನಲ್ಲಿ ಘಟ್ಟ ಇಳಿಸುತ್ತಿದ್ದ ಕಾಲ ಅದು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಸುತ್ತಲಿನ ಕಾಡು 1987ರಲ್ಲೇ ರಾಷ್ಟ್ರೀಯ ಉದ್ಯಾನವಾಗಿತ್ತು. ವಿಸ್ತೀರ್ಣ ಸುಮಾರು 600 ಚದರ ಕಿ.ಮೀ.

ಮೊದಲ ಸಲ ಹೊರಟಾಗ ಅವಮಾನವೇ ಆಯಿತು. ಬುಕಿಂಗ್ ಮಾಡದೆ ಹೋಗಿದ್ದೆವು, ಚಾರಣದ ದ್ವಾರದಿಂದಲೇ ವಾಪಸ್ ಕಳಿಸಿದರು. ತಪ್ಪು ನಮ್ಮದೇ. ಈಗ ಅರಣ್ಯ ಇಲಾಖೆಯ ವೆಬ್‌ಸೈಟಿನಲ್ಲಿ ಮೊದಲೇ ಟಿಕೆಟ್ ಮಾಡಬೇಕು, ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿ ಉಂಟು. ಟೆಂಟ್ ಹಾಕಿ ಕಾಡಿನಲ್ಲಿ ಮಲಗುವ ಆಸೆಯಿದ್ದರೆ ಮನೆಯಲ್ಲೇ ಬಿಟ್ಟು ಬನ್ನಿ, ಉದ್ಯಾನದೊಳಗೆ ಅದಕ್ಕೆ ಅವಕಾಶ ಇಲ್ಲ. ಕಾಡ್ಗಿಚ್ಚಿನ ಭಯವಿರುವ ಬೇಸಿಗೆಯಲ್ಲಿ ಮತ್ತು ಜೋರು ಮಳೆಯಲ್ಲಿ ಚಾರಣವನ್ನೇ ನಿಲ್ಲಿಸುವುದುಂಟು.

ಎರಡನೇ ಸಲ ಅಕ್ಟೋಬರ್ ಕೊನೆಗೆ ಹೋದೆವು. ಕಾರ್ಕಳ, ಬಜಗೋಳಿ ದಾಟಿ ಘಟ್ಟ ಹತ್ತಿ, ಸಂಸೆ ಹತ್ತಿರದ ಹೋಂಸ್ಟೇಯಲ್ಲಿ ರಾತ್ರಿ ಉಳಿದೆವು. ಬೆಳಿಗ್ಗೆ ಬಾಳೆಗಲ್‌ನಿಂದ ಮುಳ್ಳೋಡಿಗೆ ಜೀಪು. ಆ ಕಲ್ಲುದಾರಿಯಲ್ಲಿ ಕೂತವರಿಗೆ ಸೊಂಟ ಇದೆ ಎಂಬುದು ಚೆನ್ನಾಗಿ ಗೊತ್ತಾಗ್ತದೆ. ಬುತ್ತಿಗೆ ಪತ್ತಿರ್ ಮತ್ತು ಒಣ ಕೋಳಿ ಸುಕ್ಕ ಕಟ್ಟಿಕೊಂಡಿದ್ದೆವು. ಹೆಂಗಸರಿಗೊಂದು ಮಾತು: ಉದ್ದ ಬುರ್ಖಾ ಒದ್ದೆ ಹುಲ್ಲಿನಲ್ಲಿ ಕಾಲಿಗೆ ಸುತ್ತಿಕೊಳ್ತದೆ. ಸಡಿಲವಾದ ಸಲ್ವಾರ್, ಉದ್ದ ಟಾಪ್, ಪಿನ್ ಹಾಕಿದ ಸ್ಕಾರ್ಫ್ ಸಾಕು. ಚಪ್ಪಲಿ ಬೇಡವೇ ಬೇಡ. ಜಿಗಣೆಗೆ ಒಂದು ಮುಷ್ಟಿ ಉಪ್ಪು ಇರಲಿ.

ಮುಳ್ಳೋಡಿಯಿಂದ ತುದಿಗೆ ಹೋಗಿ ಬರಲು ಸುಮಾರು 20 ಕಿ.ಮೀ. ನಡಿಗೆ. ಶಿಖರ ಸಮುದ್ರಮಟ್ಟದಿಂದ ಸುಮಾರು 1,890 ಮೀಟರ್ ಎತ್ತರ. ದಾರಿಯಲ್ಲಿ ತೊರೆ ದಾಟಬೇಕು, ಆಮೇಲೆ ಕಾಡು, ಮತ್ತೆ ಬೋಳು ಹುಲ್ಲುಗುಡ್ಡ, ಮತ್ತೆ ಕಾಡು. ಗುಡ್ಡದ ನೆತ್ತಿಯಲ್ಲಿ ಹುಲ್ಲು, ಮಡಿಕೆಯಲ್ಲಿ ಮಾತ್ರ ಕಾಡು ಏಕೆ ಎಂದು ಮಗ ಕೇಳಿದ. ಗೈಡ್ ಹೇಳಿದ್ದು ನಮಗೂ ಹೊಸತು. ಈ ಶೋಲಾ ಕಾಡಿನ ಮಣ್ಣು ಮಳೆನೀರನ್ನು ಸ್ಪಂಜಿನ ಹಾಗೆ ಹೀರಿಟ್ಟುಕೊಂಡು, ಮಳೆ ನಿಂತ ಮೇಲೂ ಸ್ವಲ್ಪ ಸ್ವಲ್ಪವಾಗಿ ತೊರೆಗೆ ಬಿಡ್ತದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ತುಂಬೆ ಡ್ಯಾಮಿನಿಂದ ಮಂಗಳೂರಿನ ನಳ್ಳಿಗೆ ಬರುವ ನೀರಿನ ಬೇರು ಇಲ್ಲಿ ಉಂಟು ಎಂದಾಗ ಬಾಪ ತೊರೆಗೆ ಕೈ ಅದ್ದಿ ಮುಖ ತೊಳೆದುಕೊಂಡರು. ಮತ್ತೆ ಹೇಳಿದರು, "ಗಣಿ ಇದ್ದಾಗ ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರೀತಿತ್ತಂತೆ. ನಮ್ಮ ಅನ್ನವೂ ಅದರದ್ದೇ ಅಲ್ಲವಾ."

ಒಂಟಿಮರದ ಹತ್ತಿರ ಬಾಪ ಕೂತುಬಿಟ್ಟರು. ಮೊಣಗಂಟು ಊದಿತ್ತು. ಗಂಟೆ ಹನ್ನೊಂದೂವರೆ, ಕಡಿದಾದ ಏರು ಇನ್ನೂ ಮುಂದಿತ್ತು. "ನೀವೆಲ್ಲ ಹೋಗಿ ಬನ್ನಿ, ನಾನಿಲ್ಲಿ ಕೂತಿರ್ತೇನೆ" ಎಂದರು. ಗೈಡ್ ಒಪ್ಪಲಿಲ್ಲ. ನಮ್ಮ ಗುಂಪಿಗೆ ಅವರೊಬ್ಬರೇ. ಕಾಡಿನಲ್ಲಿ ಒಬ್ಬರನ್ನು ಬಿಟ್ಟು ಹೋಗಲಿಕ್ಕಾಗದು, ಮಂಜು ಕವಿದರೆ ಹತ್ತು ಮಾರು ದೂರದ ದಾರಿಯೂ ಕಾಣದು ಅಂದರು. ಮೊಬೈಲಿಗೆ ಸಿಗ್ನಲ್ ಇಲ್ಲ.

ನಮ್ಮೊಳಗೆ ಸಣ್ಣ ಜಗಳವೇ ಆಯಿತು. ಎರಡು ಸಲ ಹೊರಟು, ಅಷ್ಟು ದುಡ್ಡು ಹಾಕಿ, ಅರ್ಧಕ್ಕೇ ತಿರುಗುವುದಾ? ಬಾಪನನ್ನು ಕರೆತಂದದ್ದೇ ತಪ್ಪಾಯಿತು ಎಂಬ ಮಾತೂ ಬಾಯಿಗೆ ಬಂದಿತ್ತು, ಪುಣ್ಯಕ್ಕೆ ಹೊರಗೆ ಬೀಳಲಿಲ್ಲ. ಮಗಳು ಸ್ವಲ್ಪ ಹೊತ್ತು ತುದಿಯನ್ನೇ ನೋಡಿದಳು. ಆಮೇಲೆ ಚೀಲ ಬಿಚ್ಚಿ, "ಬುತ್ತಿ ಇಲ್ಲೇ ತಿನ್ನುವಾ ಬಾಪ" ಎಂದಳು.

ಊಟ ಮುಗಿಸಿ, ಕವರುಗಳನ್ನು ಚೀಲಕ್ಕೆ ತುರುಕಿ ಇಳಿದೆವು. ಇಳಿಯುವಾಗಲೇ ಮೊಣಗಂಟಿಗೆ ಹೆಚ್ಚು ತ್ರಾಸ. ಗೈಡ್ ಒಂದು ಕೋಲು ಹುಡುಕಿಕೊಟ್ಟರು, ಇನ್ನೊಂದು ಬದಿಗೆ ಮಗಳು ಹೆಗಲು ಕೊಟ್ಟಳು. ಮುಳ್ಳೋಡಿ ಮುಟ್ಟುವಾಗ ನಾಲ್ಕು ದಾಟಿತ್ತು.

ಮರುದಿನ ವಾಪಸ್ ಬರುವಾಗ ಕುದುರೆಮುಖ ಪೇಟೆಯಲ್ಲಿ ಕಾರು ನಿಲ್ಲಿಸಿದೆವು. ಗಣಿಯವರಿಗೆಂದು ಕಟ್ಟಿದ ಮನೆಗಳು ಹೆಚ್ಚಿನವು ಖಾಲಿ, ಅಂಗಳದಲ್ಲಿ ಹುಲ್ಲು. ಬಾಪ ಕೋಲೂರಿಕೊಂಡು ಇಳಿದು ಒಂದು ಸುತ್ತು ಹಾಕಿದರು. "ಪೈಪ್ ಯಾವ ಕಡೆಯಿಂದ ಹೋಗ್ತಿತ್ತು?" ಎಂದು ಚಾದಂಗಡಿಯವರನ್ನು ಕೇಳಿದರು. ಅವರು ಕೈ ತೋರಿಸಿದ ಕಡೆ ನೋಡಿಕೊಂಡು, ಚಾ ತಣ್ಣಗಾಗುವವರೆಗೆ ನಿಂತೇ ಇದ್ದರು.

ಮಗಳು ಮೊನ್ನೆ ಮತ್ತೆ ಬುಕಿಂಗ್ ಪುಟ ತೆರೆದು ಕೂತಿದ್ದಳು.