ನಾಯಿಯ ತಟ್ಟೆಗೆ ಲೆಕ್ಕ ಬಂದ ಬಗೆ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಒಂದು ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ನಾಯಿಯೊಂದು ಕಾಡುಹಂದಿಯೊಡನೆ ಸೆಣಸುತ್ತಿದೆ. ಕ್ರಿ.ಶ. 949–50ರ ಕಲ್ಲು ಅದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರನಿಗೆ ಅವನ ಒಡೆಯ ಮೆಚ್ಚಿ ಏನು ಬೇಕೆಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಗೊರವ (ಪೂಜಾರಿ) ಊಟ ಮಾಡಿದರೆ ಪಾಪ ತಟ್ಟುತ್ತದೆ ಎಂದೂ ಬರೆಸಿದರು. ನಾಯಿಗೆ ಪೂಜೆ ಸಲ್ಲಿಸಿದ ಮೇಲೆಯೇ ಮನುಷ್ಯನ ಊಟ ಎಂದು ಸಾರಿದ ಸೀಮೆ ಇದು.

ಇದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನಲ್ಲಿದೆ ಗರುಡ ದೇವರ ಊರು ಬಿಂಡಿಗನವಿಲೆ. ಸುತ್ತ ಮಳೆ ನಂಬಿದ ರಾಗಿ ಹೊಲ, ತೆಂಗಿನ ತೋಟ, ಕೊಟ್ಟಿಗೆಯಲ್ಲಿ ಹಸು. ಇಂಥ ಊರುಗಳಲ್ಲಿ ನಾಯಿಯ ಊಟವೆಂದರೆ ಮುದ್ದೆಯೇ. ಮನೆಯವರೆಲ್ಲ ಉಂಡ ಮೇಲೆ ಉಳಿದ ಮುದ್ದೆ, ಮೇಲೊಂದಿಷ್ಟು ಸಾರು ಇಲ್ಲವೇ ಮಜ್ಜಿಗೆ. ಬಾಡು ಬೆಂದ ದಿನ ಮೂಳೆ.

ನಾಯಿಗೆ ಈ ಊಟ ಒಗ್ಗಿದ್ದು ಸುಮ್ಮನೆ ಅಲ್ಲ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋಳ ಮತ್ತು ನಾಯಿಯ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಪಿಷ್ಟವನ್ನು ಅರಗಿಸುವ ಅಮೈಲೇಸ್ ಕಿಣ್ವದ ವಂಶವಾಹಿ ತೋಳದಲ್ಲಿ ಎರಡೇ ಪ್ರತಿ ಇದ್ದರೆ, ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇತ್ತು. ಬೇಸಾಯ ಮಾಡುವವರ ಮನೆಬಾಗಿಲಲ್ಲಿ ಬಿದ್ದುಕೊಂಡ ಪ್ರಾಣಿಯ ಹೊಟ್ಟೆಯೇ ಬದಲಾಗಿತ್ತು. ಆದ್ದರಿಂದ ನಾಯಿಗೆ ಧಾನ್ಯ ಆಗಿಬರುವುದಿಲ್ಲ ಎನ್ನುವ ಮಾತಿನಲ್ಲಿ ಹುರುಳಿಲ್ಲ. ಧಾನ್ಯವೊಂದೇ ಸಾಲದು ಎನ್ನುವುದು ಮಾತ್ರ ನಿಜ.

ನಾಯಿಗೆಂದೇ ಆಹಾರ ತಯಾರಿಸಿ ಮಾರುವ ವ್ಯಾಪಾರ ಶುರುವಾದದ್ದು ಲಂಡನ್ನಿನಲ್ಲಿ, 1860ರ ಸುಮಾರಿಗೆ. ಅಮೆರಿಕದಿಂದ ಬಂದಿದ್ದ ಜೇಮ್ಸ್ ಸ್ಪ್ರಾಟ್, ಹಡಗಿನವರು ಬಿಸಾಡಿದ ಗಟ್ಟಿ ಬಿಸ್ಕತ್ತನ್ನು ಬಂದರಿನ ನಾಯಿಗಳು ಮುಗಿಬಿದ್ದು ತಿನ್ನುವುದನ್ನು ಕಂಡನಂತೆ. ಗೋಧಿ, ತರಕಾರಿ, ಮಾಂಸ ಸೇರಿಸಿ ಬಿಸ್ಕತ್ತು ಮಾಡಿದ. ಬೇಟೆನಾಯಿ ಸಾಕಿದ ಸಿರಿವಂತರಿಗೆ ಮಾರಿದ. ಅವನ ಕಂಪನಿಯಲ್ಲಿ ದುಡಿದ ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ತನ್ನ ಹೆಸರಿನ ಶ್ವಾನ ಪ್ರದರ್ಶನವನ್ನೇ ಆರಂಭಿಸಿದ. ಆಮೇಲೆ ಡಬ್ಬಿಯ ಮಾಂಸ ಬಂತು. ಎರಡನೇ ಮಹಾಯುದ್ಧದಲ್ಲಿ ತಗಡಿಗೆ ಬರ ಬಂದಾಗ ಕಂಪನಿಗಳು ಮತ್ತೆ ಒಣ ಆಹಾರದ ಕಡೆಗೆ ತಿರುಗಿದವು. 1957ರಲ್ಲಿ ಅಮೆರಿಕದ ಪ್ಯೂರಿನಾ ಕಂಪನಿ, ಹಿಟ್ಟನ್ನು ಬಿಸಿ ಮತ್ತು ಒತ್ತಡದಲ್ಲಿ ಬೇಯಿಸಿ ಅಚ್ಚಿನಿಂದ ಹೊರದಬ್ಬಿ ಉಬ್ಬಿಸಿದ ಕಾಳುಗಳನ್ನು ಮಾರುಕಟ್ಟೆಗೆ ತಂದಿತು. ಇವತ್ತು ನಮ್ಮ ಅಂಗಡಿಗಳಲ್ಲಿ ನೇತಾಡುವ ಪೊಟ್ಟಣಗಳ ಒಳಗಿರುವುದು ಅದೇ ವಿಧಾನದ ಕಾಳು. ಬೆಂಗಳೂರು ಸೇರಿದ ಮಕ್ಕಳು ಹಬ್ಬಕ್ಕೆ ಬರುವಾಗ ಲ್ಯಾಬ್ರಡಾರ್ ಮರಿ ತಂದರು, ಮರಿಯ ಹಿಂದೆಯೇ ಪೊಟ್ಟಣವೂ ಬಂತು.

ಪೊಟ್ಟಣದ ಜತೆ ಬಂದ ಒಳ್ಳೆಯ ಸಂಗತಿಯೆಂದರೆ ಯಾವ ಸತ್ವ ಎಷ್ಟು ಎಂಬ ಲೆಕ್ಕ. ಮಂಡ್ಯದ ರೈತನಿಗೆ ಈ ಲೆಕ್ಕ ಹೊಸದಲ್ಲ. ಡೇರಿಯಲ್ಲಿ ಹಾಲಿನ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ದುಡ್ಡು ಕೊಡುತ್ತಾರೆ. ಹಾಗಾಗಿ ಹಸುವಿಗೆ ಹಿಂಡಿ ಎಷ್ಟು, ಫೀಡು ಎಷ್ಟು, ಖನಿಜ ಮಿಶ್ರಣ ಎಷ್ಟು ಎಂದು ಅಳೆದು ಹಾಕುತ್ತೇವೆ. ನಾಯಿಯಿಂದ ಡೇರಿಗೆ ಏನೂ ಹೋಗುವುದಿಲ್ಲ, ಅದರ ತಟ್ಟೆಯನ್ನು ಯಾರೂ ಅಳೆಯಲಿಲ್ಲ. ರಾತ್ರಿಯಿಡೀ ತೋಟ ಕಾಯುವ ಪ್ರಾಣಿಗೆ ಇದು ಅನ್ಯಾಯ.

ಅಳೆದು ನೋಡೋಣ. ಬೆಳೆದ ನಾಯಿಯ ಆಹಾರದಲ್ಲಿ ನೀರಿನಂಶ ಕಳೆದು ಕನಿಷ್ಠ ಶೇ 18, ಮರಿಯ ಆಹಾರದಲ್ಲಿ ಶೇ 22.5 ಪ್ರೋಟೀನ್ ಇರಬೇಕೆಂಬುದು ಅಮೆರಿಕದ ಮಾನದಂಡ. ರಾಗಿಯಲ್ಲಿ ಇರುವುದು ಶೇ 7ರಷ್ಟು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ ನಿಜ, ಆದರೆ ಅದರಲ್ಲಿರುವ ಫೈಟೇಟ್ ಅಷ್ಟನ್ನೂ ಮೈಗೆ ಹತ್ತಗೊಡುವುದಿಲ್ಲ. 200 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ 14 ಗ್ರಾಂ ಪ್ರೋಟೀನ್ ಸಿಗುತ್ತದೆ. ಅದಕ್ಕೆ ಮೂಳೆ ಬಿಡಿಸಿದ 100 ಗ್ರಾಂ ಬೆಂದ ಕೋಳಿಮಾಂಸ ಬೆರೆಸಿದರೆ ಇನ್ನೊಂದು 25 ಗ್ರಾಂ ಕೂಡಿ, ಲೆಕ್ಕ ಶೇ 18ರ ಹತ್ತಿರ ಬರುತ್ತದೆ. ಮೊಟ್ಟೆ, ಕೆರೆ ಮೀನು, ಮೊಸರು ಕೂಡ ಆದೀತು. ಸತುವಿನಂಥ ಖನಿಜ, ವಿಟಮಿನ್‌ಗಳ ಕೊರತೆಗೆ ಏನು ಕೊಡಬೇಕೆಂದು ಪಶುವೈದ್ಯರನ್ನು ಕೇಳಬೇಕು. ಮನೆ ಊಟವೇ ಕೊಡುವವರು ಈ ಮಾತನ್ನು ಮರೆಯಬಾರದು.

ಸಾರಿನ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಬೇಕು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಂದರೂ ಆ ಗುಣ ಹೋಗದು. ಆದ್ದರಿಂದ ಒಗ್ಗರಣೆಗೆ ಮೊದಲೇ ನಾಯಿಯ ಪಾಲು ತೆಗೆದಿಡಬೇಕು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಬೇಡವೇ ಬೇಡ. ಬೆಂದ ಕೋಳಿಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಕುರಿ ಕೊಯ್ದಾಗ ಹಸಿ ಶ್ವಾಸಕೋಶ, ಪಿತ್ತಜನಕಾಂಗವನ್ನು ನಾಯಿಗೆ ಎಸೆಯುವುದಂತೂ ಮನೆಮಂದಿಗೇ ಅಪಾಯ: ಅದರಿಂದ ನಾಯಿಯ ಹೊಟ್ಟೆ ಸೇರುವ ಲಾಡಿಹುಳು ಇಡುವ ಮೊಟ್ಟೆ ಮನುಷ್ಯನ ಮೈಯಲ್ಲಿ ನೀರ್ಗುಳ್ಳೆ ಎಬ್ಬಿಸುತ್ತದೆ.

ಪೊಟ್ಟಣ ಕೊಳ್ಳುವವರು ಮುಂಭಾಗದ ಚಿತ್ರ ಬಿಟ್ಟು ಹಿಂಭಾಗ ಓದಬೇಕು. ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ. ಮೊದಲ ಸಾಲುಗಳಲ್ಲಿ ಮಾಂಸವಿದೆಯೋ ಬರೀ ಜೋಳ, ಗೋಧಿಯಿದೆಯೋ ನೋಡಿ. ಶೇ 78 ನೀರಿರುವ ಡಬ್ಬಿಯಲ್ಲಿ ಶೇ 8 ಪ್ರೋಟೀನ್ ಎಂದಿದ್ದರೆ ಕಡಿಮೆಯೆನಿಸುತ್ತದೆ, ನೀರು ಕಳೆದರೆ ಅದು ಶೇ 36. ‘ಕಂಪ್ಲೀಟ್’ ಎಂದಿದ್ದರೆ ಯಾವ ವಯಸ್ಸಿನ ನಾಯಿಗೆ ಎಂಬುದೂ ಇರಬೇಕು. ಚೀಲ ಬಿಚ್ಚಿ ಕಿಲೋ ಲೆಕ್ಕದಲ್ಲಿ ತೂಗಿಕೊಡುವ ಕಾಳಿಗೆ ತಾರೀಖೇ ಇರುವುದಿಲ್ಲ. ಗಾಳಿ ಸೋಕಿದ ಕೊಬ್ಬು ಕಮಟುತ್ತದೆ, ಮೂಸಿದರೆ ಗೊತ್ತಾಗುತ್ತದೆ.

ಅಂಕಿಯೊಂದನ್ನೇ ನಂಬಿದರೂ ಕೆಟ್ಟೀತು. 2007ರಲ್ಲಿ ಸಾಕುಪ್ರಾಣಿಗಳ ಆಹಾರಕ್ಕೆ ಬಳಸಲು ಚೀನಾದಿಂದ ಬಂದ ಗೋಧಿಯ ಗ್ಲುಟೆನ್‌ಗೆ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದ್ದು ಬಯಲಾಯಿತು. ಪ್ರೋಟೀನ್ ಅಳೆಯುವ ಪರೀಕ್ಷೆ ಸಾರಜನಕವನ್ನಷ್ಟೇ ಎಣಿಸುತ್ತದೆ; ಮೆಲಮೈನ್‌ನಲ್ಲಿ ಅದು ತುಂಬಿದೆ. ಅಮೆರಿಕದಲ್ಲಿ ಸಾಕುಪ್ರಾಣಿಗಳು ಮೂತ್ರಪಿಂಡ ಕೆಟ್ಟು ಸತ್ತವು, ಆರು ಕೋಟಿಗೂ ಹೆಚ್ಚು ಡಬ್ಬಿ, ಪೊಟ್ಟಣಗಳನ್ನು ವಾಪಸು ಪಡೆಯಬೇಕಾಯಿತು. ನಮ್ಮ 2006ರ ಆಹಾರ ಸುರಕ್ಷತಾ ಕಾಯ್ದೆ ಮನುಷ್ಯರ ಆಹಾರಕ್ಕೆ ಸೇರಿದ್ದು, ಪ್ರಾಣಿಗಳ ಆಹಾರವನ್ನು ಅದು ಹೊರಗಿಟ್ಟಿದೆ. ನಾಯಿಯ ಆಹಾರಕ್ಕೂ ಕಡ್ಡಾಯ ತಪಾಸಣೆ ಬರಬೇಕು, ಅದನ್ನು ಕೇಳುವ ಹಕ್ಕು ಕೊಳ್ಳುವವರಿಗಿದೆ.

ಕೊನೆಗೆ ಪರೀಕ್ಷೆ ನಡೆಯುವುದು ನಾಯಿಯ ಮೈಮೇಲೆಯೇ. ಪಕ್ಕೆಯ ಮೇಲೆ ಕೈಯಾಡಿಸಿ: ಎಲುಬು ಬೆರಳಿಗೆ ಸಿಗಬೇಕು, ದೂರದಿಂದ ಎದ್ದು ಕಾಣಬಾರದು. ಕೂದಲು ಮಿನುಗಬೇಕು, ಮಲ ಗಟ್ಟಿಯಾಗಿರಬೇಕು. ಇವು ಸರಿಯಿದ್ದರೆ ಮುದ್ದೆ–ಮೊಟ್ಟೆಯಾಗಲಿ, ಚೀಲದ ಕಾಳಾಗಲಿ, ಆಯ್ಕೆ ಸರಿಯಾಗಿದೆ. ಸರಿಯಿಲ್ಲದಿದ್ದರೆ ದುಬಾರಿ ಪೊಟ್ಟಣ ಹುಡುಕುವ ಮೊದಲು ಈಗ ಹಾಕುತ್ತಿರುವುದನ್ನು ಒಂದು ವಾರ ತೂಗಿ ಬರೆದಿಟ್ಟು ಪಶುವೈದ್ಯರಿಗೆ ತೋರಿಸಿ. ಇದಕ್ಕೆ ಬೇಕಾದ ತಕ್ಕಡಿ ಪ್ರತಿ ರೈತನ ಮನೆಯಲ್ಲಿದೆ.