ಕಣ್ಣು ಕಳೆಯುವುದು ಹುದುಗಲ್ಲ, ಕ್ಯಾನು

ಮ್ಯಾಂಚೆಸ್ಟರಿನಲ್ಲಿರುವ ನಮ್ಮ ಅಣ್ಣನ ಮಗ ಮನೆಯಲ್ಲೇ ಬೀರ್ ಹಾಕಿದ್ದಾನೆ. 20 ಲೀಟರಿನ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದ ಮೇಲೆ ನೀರು ತುಂಬಿದ ಸಣ್ಣ ಕೊಳವೆ, ಅದರೊಳಗೆ ಬುಳುಬುಳು ಗುಳ್ಳೆ. ಆ ವಿಡಿಯೊ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಬಂದದ್ದೇ ತಡ, ಗೋಕಾಕದಿಂದ ವೈನಿ, ಹುಕ್ಕೇರಿಯಿಂದ ಅತ್ತಿ, ಮೂಡಲಗಿಯಿಂದ ನಿವೃತ್ತ ಮಾಸ್ತರರು, ಎಲ್ಲರದೂ ಒಂದೇ ರಾಗ: "ಮನ್ಯಾಗ ಮಾಡಿದ್ದ ಕುಡದ್ರ ಕಣ್ಣ ಹೋಕ್ಕಾವ, ಚೆಲ್ಲಿ ಬಿಡಪಾ." ಕುಡಿಯಬೇಡ ಅಂತ ಒಬ್ಬರೂ ಹೇಳಲಿಲ್ಲ. ಮಾಸ್ತರರಂತೂ "ಅಂಗಡ್ಯಾಗಿಂದ ತಂದ್ ಕುಡಿ" ಎಂದು ಅಪ್ಪಣೆಯನ್ನೇ ಕೊಟ್ಟರು.

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಓದಿದವರು ಹೇಳುತ್ತಾರೆ, ಓದದವರು ಹೇಳುತ್ತಾರೆ, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರೂ ಹೇಳುತ್ತಾರೆ. ಹುದುಗಿಸುವಾಗ ಕೈ ಸ್ವಲ್ಪ ತಪ್ಪಿದರೆ ಮದ್ಯ ತಾನಾಗಿಯೇ ವಿಷವಾಗುತ್ತದೆ, ಕುಡಿದವನು ಕುರುಡನಾಗುತ್ತಾನೆ ಎಂಬುದು ಅವರ ಸಿದ್ಧಾಂತ. ಹಾಗಾಗುವುದಿಲ್ಲ.

ಕಣ್ಣು ಕಳೆಯುವುದು ಮೆಥನಾಲ್. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. 10 ಮಿಲಿಲೀಟರ್ ಹೊಟ್ಟೆಗಿಳಿದರೆ ದೃಷ್ಟಿ ಹೋಗಬಹುದು, 30 ಮಿಲಿಲೀಟರಿಗೆ ಜೀವವೇ ಹೋಗಬಹುದು. ಅಲ್ಲಿಯವರೆಗೆ ವೈನಿಯ ಮಾತು ಸರಿ. ಆದರೆ ಈಸ್ಟ್ ಸಕ್ಕರೆಯನ್ನು ತಿಂದು ಹೊರಗೆ ಬಿಡುವುದು ಎಥನಾಲ್ ಮತ್ತು ಇಂಗಾಲದ ಡೈಆಕ್ಸೈಡ್. ಮೆಥನಾಲ್ ಬರಬೇಕಾದರೆ ಪೆಕ್ಟಿನ್ ಒಡೆಯಬೇಕು. ಪೆಕ್ಟಿನ್ ಇರುವುದು ಹಣ್ಣಿನ ಸಿಪ್ಪೆ, ತಿರುಳಿನಲ್ಲಿ. ಜಾಮ್ ಗಟ್ಟಿಯಾಗುವುದು ಅದರಿಂದಲೇ. ಬಾರ್ಲಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಬೀರಿನಲ್ಲಿ ಸಿಗುವ ಮೆಥನಾಲ್ ಲೀಟರಿಗೆ ಕೆಲವು ಮಿಲಿಗ್ರಾಂ. ಧಾರಾಳವಾಗಿ 20 ಮಿಲಿಗ್ರಾಂ ಎಂದೇ ಹಿಡಿಯೋಣ. 10 ಮಿಲಿಲೀಟರ್ ಮೆಥನಾಲ್ ಎಂದರೆ ತೂಕದಲ್ಲಿ ಸುಮಾರು 8 ಗ್ರಾಂ. ಅಷ್ಟು ಹೊಟ್ಟೆ ಸೇರಲು ನಮ್ಮ ಹುಡುಗ ಒಂದೇ ಕೂತಲ್ಲಿ 400 ಲೀಟರ್ ಕುಡಿಯಬೇಕು, ಅಂದರೆ ಅಂಥ 20 ಡಬ್ಬಿ. ಕಣ್ಣು ಹೋಗುವ ಚಿಂತೆ ಅವನಿಗೆ ಆಗ ಉಳಿದಿರುವುದಿಲ್ಲ.

ಇನ್ನೊಂದು ಸಾಕ್ಷಿ ನಮ್ಮ ಕಣ್ಣೆದುರಿಗೇ ಇದೆ. ಬೆಳಗಾವಿ ಜಿಲ್ಲೆಯ ತುಂಬ ಕಬ್ಬು, ಸಕ್ಕರೆ ಕಾರ್ಖಾನೆ. ಹಲವು ಕಾರ್ಖಾನೆಗಳಿಗೆ ಡಿಸ್ಟಿಲರಿಯೂ ಇದೆ. ಅಲ್ಲಿ ಲಕ್ಷಗಟ್ಟಲೆ ಲೀಟರ್ ಕಾಕಂಬಿಯನ್ನು ಇದೇ ಈಸ್ಟ್ ಹಾಕಿ ಹುದುಗಿಸುತ್ತಾರೆ. ಹೊರಬಂದು ಟ್ಯಾಂಕರಿನಲ್ಲಿ ಪೆಟ್ರೋಲಿಗೆ ಬೆರೆಯಲು ಹೋಗುವುದು ಎಥನಾಲ್. ಹುದುಗು ತಪ್ಪಿದಾಗಲೆಲ್ಲ ಮೆಥನಾಲ್ ಬರುವುದಾಗಿದ್ದರೆ ಇಷ್ಟು ಹೊತ್ತಿಗೆ ಕಾರ್ಖಾನೆಯವರು ಅದರದ್ದೇ ಒಂದು ಬೇರೆ ಟ್ಯಾಂಕು ಕಟ್ಟಿಸಿ ಮಾರುತ್ತಿದ್ದರು.

ಹಾಗಾದರೆ ಸತ್ತವರು ಸತ್ತದ್ದು ಸುಳ್ಳೇ? ಅಲ್ಲ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ನಿಷೇಧವಾದದ್ದು 2007ರ ಜುಲೈಯಲ್ಲಿ. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಿನಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ನೂರಕ್ಕೂ ಹೆಚ್ಚು ಜನ. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಅರವತ್ತಕ್ಕೂ ಹೆಚ್ಚು. ಮೂರೂ ಕಡೆ ಕೊಂದದ್ದು ಮೆಥನಾಲ್. ಅದು ಹುದುಗಿದ ಕೊಡದಲ್ಲಿ ಹುಟ್ಟಲಿಲ್ಲ. ನೈಸರ್ಗಿಕ ಅನಿಲದಿಂದ, ಕಲ್ಲಿದ್ದಲಿನಿಂದ ಕಾರ್ಖಾನೆಯಲ್ಲಿ ತಯಾರಾಗಿ, ಬಣ್ಣ, ಥಿನ್ನರ್, ಪ್ಲೈವುಡ್ಡಿನ ಅಂಟಿನ ಕೆಲಸಕ್ಕೆಂದು ಹೊರಟ ಸರಕು ಅದು. ದಾರಿಯಲ್ಲಿ ಯಾರೋ ಕದ್ದರು, ಯಾರೋ ಮಾರಿದರು, ಯಾರೋ ಅಗ್ಗದಲ್ಲಿ ಏರು ಬರಲಿ ಎಂದು ಕ್ಯಾನಿನಿಂದ ಸುರಿದರು.

ನನಗೆ ಸಿಟ್ಟು ಬರುವುದು ಇಲ್ಲೇ. ಇದು ಬರೀ ಅಜ್ಞಾನದ ಮಾತಾಗಿದ್ದರೆ ನಕ್ಕು ಬಿಡಬಹುದಿತ್ತು. "ಹುದುಗಿಸುವಾಗ ಏನೋ ಹೆಚ್ಚುಕಡಿಮೆ ಆಗಿರಬೇಕು" ಎಂದೊಡನೆ ಸಾವು ಅಡುಗೆಮನೆಯ ಅವಘಡವಾಗಿಬಿಡುತ್ತದೆ. ಕ್ಯಾನು ಯಾವ ಗೋದಾಮಿನಿಂದ ಹೊರಬಿತ್ತು, ರಿಜಿಸ್ಟರಿನಲ್ಲಿ ಯಾರು ಸಹಿ ಹಾಕಿದರು ಎಂದು ಆಮೇಲೆ ಯಾರೂ ಕೇಳುವುದಿಲ್ಲ. ಸುರಿದವನ ಪರವಾಗಿ ಇಷ್ಟು ಚೆನ್ನಾಗಿ ವಾದಿಸುವ ವಕೀಲ ಸಿಗಲಿಕ್ಕಿಲ್ಲ, ಅದೂ ಪುಕ್ಕಟೆ.

ಹಾಗಂತ ಕಳ್ಳಭಟ್ಟಿಗೆ ನಾನು ಸರ್ಟಿಫಿಕೇಟ್ ಕೊಡುತ್ತಿಲ್ಲ. ಭಟ್ಟಿ ಇಳಿಸಿದರೆ ಇಲ್ಲದ ಮೆಥನಾಲ್ ಹುಟ್ಟುವುದಿಲ್ಲ, ನಿಜ. ಆದರೆ ಮಾರುವವನು ಕೊನೆಗೆ ಏನು ಬೆರೆಸಿದ ಎಂದು ಕುಡಿಯುವವನಿಗೆ ತಿಳಿಯುವ ದಾರಿಯೇ ಇಲ್ಲ. "ಬೆಂಕಿ ಹಚ್ಚಿ ನೋಡ್ರಿ, ನೀಲಿ ಉರಿ ಬಂದ್ರ ಚೊಕ್ಕ ಮಾಲು" ಎನ್ನುವ ಪಂಡಿತರಿದ್ದಾರೆ. ಎಥನಾಲ್, ಮೆಥನಾಲ್ ಎರಡೂ ನೀಲಿಯಾಗಿಯೇ ಉರಿಯುತ್ತವೆ, ಮಹಾರಾಯರೇ! ಮೂಸಿ, ನೆಕ್ಕಿ, ಉರಿಸಿ ಎರಡನ್ನು ಬೇರೆ ಮಾಡಲು ಆಗುವುದಿಲ್ಲ.

ಇದಕ್ಕಿಂತ ಅಪಾಯದ ನಂಬಿಕೆ ಇನ್ನೊಂದು: ಮಜ್ಜಿಗೆ, ಹುಣಸೆ ನೀರು ಕುಡಿಸಿ ಮಲಗಿಸಿದರೆ ವಿಷ ಇಳಿಯುತ್ತದೆ ಎಂಬುದು. ಮೆಥನಾಲ್ ಕುಡಿದವನು ಮೊದಲು ಎಲ್ಲರಂತೆ ಅಮಲೇರಿ ಮಲಗುತ್ತಾನೆ. ವಾಂತಿ, ಹೊಟ್ಟೆನೋವು, ಕಣ್ಣೆದುರು ಮಂಜು ಕವಿದಂತಾಗುವುದು ಶುರುವಾಗುವುದು ಸಾಮಾನ್ಯವಾಗಿ ಅರ್ಧ ದಿನದಿಂದ ಒಂದು ದಿನದ ನಂತರ. ಮಜ್ಜಿಗೆ ಕುಡಿಸುತ್ತ ಕೂತವರು ಆ ಹೊತ್ತನ್ನೇ ಕಳೆದಿರುತ್ತಾರೆ. ಅವನನ್ನು ಒಯ್ಯಬೇಕಾದದ್ದು ಡಯಾಲಿಸಿಸ್ ಇರುವ ಆಸ್ಪತ್ರೆಗೆ. ಅಲ್ಲಿ ಕೊಡುವ ಮದ್ದು ಫೋಮೆಪಿಜೋಲ್, ಅದು ಸಿಗದಿದ್ದರೆ ಎಥನಾಲ್. ಹೌದು, ಎಥನಾಲೇ, ಅದು ಇರುವ ತನಕ ದೇಹ ಮೆಥನಾಲನ್ನು ಒಡೆಯಲು ಹೋಗುವುದಿಲ್ಲ. ಹಾಗೆಂದು ಮನೆಯಲ್ಲೇ ಕ್ವಾರ್ಟರ್ ಕುಡಿಸಿ ವೈದ್ಯ ಮಾಡಲು ಹೊರಡಬೇಡಿ.

ನವಸಾಗರದ ಮಹಿಮೆಯೂ ಇಂಥದ್ದೇ. ಬೆಲ್ಲದ ಕೊಳೆಗೆ ನವಸಾಗರ ಹಾಕಿದರೆ 'ಕಿಕ್' ಬರುತ್ತದಂತೆ. ಅದು ಅಮೋನಿಯಂ ಕ್ಲೋರೈಡ್. ಬೆಲ್ಲದ ನೀರಿನಲ್ಲಿ ಸಕ್ಕರೆಯುಂಟು, ಸಾರಜನಕ ಕಡಿಮೆ. ಅದು ಸಿಕ್ಕರೆ ಈಸ್ಟ್ ಚುರುಕಾಗಿ ಬೆಳೆಯುತ್ತದೆ. ಕುಡಿಯುವವನ ತಲೆಗೂ ಅದಕ್ಕೂ ಸಂಬಂಧವಿಲ್ಲ.

ಈಸ್ಟ್ ಹೆಚ್ಚು ಹಾಕಿದರೆ ಏರು ಹೆಚ್ಚು ಎಂಬುದೂ ಸುಳ್ಳು. 20 ಲೀಟರಿಗೆ 11 ಗ್ರಾಮಿನ ಒಂದು ಪೊಟ್ಟಣ ಒಣ ಈಸ್ಟ್ ಸಾಕು. ನಾಲ್ಕು ಪೊಟ್ಟಣ ಸುರಿದರೂ ಇದ್ದ ಸಕ್ಕರೆ ಅಷ್ಟೇ, 100 ಗ್ರಾಂ ಗ್ಲೂಕೋಸಿಗೆ ಹೆಚ್ಚೆಂದರೆ 51 ಗ್ರಾಂ ಎಥನಾಲ್. ಈಸ್ಟ್ ರಾಸಾಯನಿಕ ಪುಡಿಯಲ್ಲ, ಪಾವ್ ಉಬ್ಬಿಸುವ ಅದೇ ಜಾತಿಯ ಜೀವಂತ ಶಿಲೀಂಧ್ರ. ಮಾಂಸವೂ ಅಲ್ಲ. ಮಾಲ್ಟ್ ಎಂದರೆ ದಾರು ಎನ್ನುವವರು ಮಕ್ಕಳಿಗೆ ರಾಗಿ ಮಾಲ್ಟ್ ಕುಡಿಸುವುದನ್ನು ಇಂದೇ ನಿಲ್ಲಿಸಲಿ.

ನಮ್ಮ ಹುಡುಗ ಹಾಕಿದ್ದು ನಾರ್ವೆಯ ರೈತರ ಈಸ್ಟು, ಕ್ವೈಕ್ ಅನ್ನುತ್ತಾರೆ. ವೊಸ್ ಎಂಬ ಊರಿನ ಕಡೆ ರೈತರು ಒಂದು ಸಲದ ಬೀರಿನಿಂದ ಅದನ್ನು ತೆಗೆದು ಒಣಗಿಸಿ, ಮುಂದಿನ ಹಬ್ಬಕ್ಕೆ ಎತ್ತಿಡುತ್ತಿದ್ದರು. ಬೇರೆ ಹಲವು ಬೀರ್ ಈಸ್ಟುಗಳು 20 ಡಿಗ್ರಿಯ ಆಸುಪಾಸು ಕೇಳಿದರೆ ಇದಕ್ಕೆ 35ರಿಂದ 40 ಡಿಗ್ರಿ ಹಿತ. ನಮ್ಮ ಏಪ್ರಿಲ್ ಬಿಸಿಲಿಗೆ ಹೇಳಿ ಮಾಡಿಸಿದಂತಿದೆ, ಏನು ಮಾಡುವುದು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸಿಲ್ಲದೆ ಬೀರ್ ತಯಾರಿಸಿದರೆ ಅಪರಾಧ. ಬ್ರಿಟನ್ನಿನಲ್ಲಿ ಮನೆಮಟ್ಟಿಗೆ ಮಾಡಿಕೊಳ್ಳಲು 1963ರಿಂದ ಲೈಸೆನ್ಸ್ ಬೇಕಿಲ್ಲ.

ಅವನ ಡಬ್ಬಿಯಲ್ಲಿ ನಿಜವಾದ ಅಪಾಯವೂ ಇದೆ, ಅದನ್ನು ಮಾತ್ರ ಯಾರೂ ಕೇಳಲಿಲ್ಲ. ಹುದುಗು ಮುಗಿಯುವ ಮೊದಲೇ ಬಾಟಲಿಗೆ ತುಂಬಿ ಬಿರಡೆ ಬಿಗಿದರೆ, ಒಳಗೆ ಗ್ಯಾಸು ಹುಟ್ಟುತ್ತಲೇ ಹೋಗಿ ಗಾಜು ಸಿಡಿಯುತ್ತದೆ. ಆ ಚೂರು ತಾಗಿದರೆ ಕಣ್ಣು ಹೋದೀತು. ಮತ್ತೊಂದು ಎಥನಾಲಿನದ್ದೇ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. ಮಾಸ್ತರರ ಅಂಗಡಿ ಮಾಲಿಗೂ ಅದು ಅಷ್ಟೇ ಅನ್ವಯ.

ಇಷ್ಟೆಲ್ಲ ಬರೆದು ಗುಂಪಿಗೆ ಹಾಕಿದೆ. ವೈನಿ ಒಂದು ಹೆಬ್ಬೆರಳು ಎತ್ತಿದರು. ಮಾಸ್ತರರು ಎಲ್ಲಿಂದಲೋ ಬಂದ ಸಂದೇಶ ದಾಟಿಸಿದರು: ದಿನಾ ಒಂದು ಬೀರ್ ಕುಡಿದರೆ ಮೂತ್ರಪಿಂಡದ ಕಲ್ಲು ಕರಗುತ್ತದಂತೆ. ಕರಗುವುದಿಲ್ಲ ಮಾಸ್ತರ್ರ. ಮೂತ್ರ ಹೆಚ್ಚು ಹೋಗುತ್ತದೆ, ದೇಹದ ನೀರು ಇಳಿಯುತ್ತದೆ, ಕಲ್ಲು ಇದ್ದಲ್ಲೇ ಇರುತ್ತದೆ. ಕಲ್ಲಿಗೆ ನೀರು ಕುಡಿಯಿರಿ, ನೋವಿದ್ದರೆ ಡಾಕ್ಟರ್ ಹತ್ತಿರ ಹೋಗಿರಿ.