ಹಿತ್ತಲಿನ ಹುಣಸೆ, ಬಾಗಿಲ ಬೇವು

ವೈ.ಎನ್.ಹೊಸಕೋಟೆಯಲ್ಲಿ ನೇಕಾರರ ಓಣಿಗೆ ಕಾಲಿಟ್ಟರೆ ಮೊದಲು ಕಿವಿಗೆ ಬೀಳುವುದು ಮಗ್ಗದ ಸದ್ದು. ರೇಷ್ಮೆ ಸೀರೆಗೆ ಹೆಸರಾದ ಊರಿದು. ಶಿವರಾತ್ರಿ ಮುಗಿದಿತ್ತು, ಯುಗಾದಿ ಇನ್ನೂ ಬಂದಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಇದೇ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ ಕಟ್ಟಿರುವುದು ಈ ಬಿಸಿಲನ್ನು ನಂಬಿಯೇ. ಇಂಥ ಸೀಮೆಯಲ್ಲಿ ಮನೆಗೆ ಒಂದು ದೊಡ್ಡ ಮರದ ನೆರಳಿದ್ದರೆ ಅದು ಆಸ್ತಿಯೇ ಸರಿ.

ನಾನು ಹೋಗಿದ್ದು ಅಂಥ ಒಂದು ಮನೆಗೆ. ‘ಮರಗಳಿಗೆ ವಯಸ್ಸಾಗಿದೆ. ಇಟ್ಕೋಬೇಕೋ ತೆಗೆಸಬೇಕೋ ತಿಳೀತಿಲ್ಲ, ಒಂದ್ಸಲ ಬಂದು ನೋಡಿ’ ಎಂದು ಮನೆಯ ಮಗ ಕರೆದಿದ್ದರು. ನಾನು ಮರಗಳ ವೈದ್ಯನಲ್ಲ. ಒಂದಷ್ಟು ಓದಿಕೊಂಡಿದ್ದೇನೆ, ಒಂದಷ್ಟು ಹಳೆಯ ಮರಗಳ ಕೆಳಗೆ ನಿಂತು ನೋಡಿದ್ದೇನೆ. ಅಷ್ಟನ್ನೇ ನಂಬಿ ಹೊರಟೆ.

ಗೇಟಿನ ಪಕ್ಕದಲ್ಲೇ ಬೇವು. ಎಲೆ ಉದುರಿ ಹೊಸ ಚಿಗುರು ಬರುವ ಕಾಲ, ತುದಿಗಳೆಲ್ಲ ತಾಮ್ರದ ಬಣ್ಣ. ಆದರೆ ನೆತ್ತಿಯಲ್ಲಿ ನಾಲ್ಕೈದು ರೆಂಬೆಗಳು ಒಣಕಲಾಗಿದ್ದವು, ಒಂದು ಚಿಗುರೂ ಇರಲಿಲ್ಲ. ಬೇವಿನ ತುದಿ ಒಣಗುವ ಶಿಲೀಂಧ್ರ ರೋಗ ನಮ್ಮ ರಾಜ್ಯದ ಅನೇಕ ಕಡೆ ಇದೆ. ಮಳೆಗಾಲದ ಕೊನೆಗೆ ರೆಂಬೆಗಳು ಸುಟ್ಟಂತೆ ಕಂದು ಬಣ್ಣಕ್ಕೆ ತಿರುಗುತ್ತವೆ. ಸೊಳ್ಳೆಯಂಥ ಒಂದು ತಿಗಣೆ ಎಳೆ ಚಿಗುರಿನ ರಸ ಹೀರಿದರೂ ಹೀಗೇ ಕಾಣುತ್ತದೆ. ಇಲ್ಲಿರುವುದು ಇವೆರಡರಲ್ಲಿ ಒಂದೋ ಅಥವಾ ಬೇರೆ ಏನಾದರೂ ಇದೆಯೋ ಎಂದು ಕೆಳಗೆ ಬಗ್ಗಿ ನೋಡಿದೆ. ಕಾರಣ ಬುಡದಲ್ಲೇ ಇರಬಹುದು ಅನ್ನಿಸಿತು.

ಬುಡದ ಸುತ್ತ ಕಟ್ಟೆ ಕಟ್ಟಿದ್ದಾರೆ. ಒಳಗೆ ಎರಡು ಅಡಿ ಮಣ್ಣು ತುಂಬಿ, ಮೇಲೆ ಸಿಮೆಂಟ್ ಬಳಿದು, ಕಾಂಡಕ್ಕೆ ಒತ್ತಿಕೊಂಡಂತೆ ಟೈಲ್ಸ್ ಕೂರಿಸಿದ್ದಾರೆ. ಬಂದವರು ಕೂತು ಮಾತಾಡಲಿ ಎಂದು ಪ್ರೀತಿಯಿಂದ ಮಾಡಿದ ಕೆಲಸವೇ. ಆದರೆ ಮರಕ್ಕೆ ನೀರು, ಗಾಳಿ, ಆಹಾರ ಎಳೆದುಕೊಡುವ ಸಣ್ಣ ಬೇರುಗಳು ಹೆಚ್ಚಾಗಿ ಇರುವುದು ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲಿ. ಅದರ ಮೇಲೆ ಎರಡು ಅಡಿ ಮಣ್ಣು ಪೇರಿಸಿ ಸಿಮೆಂಟ್ ಮುಚ್ಚಿದರೆ ಉಸಿರು ಕಟ್ಟುತ್ತದೆ. ಮಣ್ಣಿನಲ್ಲಿ ಹೂತ ತೊಗಟೆ ಸದಾ ತೇವ ಹಿಡಿದು ಕೊಳೆಯುತ್ತದೆ. ಮರ ಕೂಡಲೇ ಏನೂ ತೋರಿಸಿಕೊಳ್ಳುವುದಿಲ್ಲ. ಐದಾರು ವರ್ಷ ಕಳೆದು ನೆತ್ತಿ ಒಣಗುವಾಗ, ಕಟ್ಟೆ ಕಟ್ಟಿಸಿದ್ದು ಯಾರಿಗೂ ನೆನಪಿರುವುದಿಲ್ಲ.

‘ಕಟ್ಟೆ ಕಟ್ಟಿಸಿ ಎಷ್ಟು ವರ್ಷ ಆಯ್ತು?’ ಎಂದೆ. ಮಗ ಬೆರಳು ಮಡಿಸಿ ಲೆಕ್ಕ ಹಾಕಿದರು. ‘ಗೃಹಪ್ರವೇಶದ ವರ್ಷ ಸಾರ್. ಏಳು ವರ್ಷ.’

ಮನೆಯ ಬಲಬದಿಯ ಸಂದಿಯಲ್ಲಿ ಮುಂದೆ ಹೋದರೆ ಹೊಂಗೆ. ಇದರ ತಲೆಯನ್ನು ವಿದ್ಯುತ್ ತಂತಿಗೆ ತಾಗುತ್ತದೆಂದು ಪೂರ್ತಿ ಬೋಳಿಸಿದ್ದಾರೆ. ಕಡಿದ ಕಡೆಯಲ್ಲೆಲ್ಲ ಪೊರಕೆಯಂತೆ ಚಿಗುರೊಡೆದು ಒಂದಾಳುದ್ದ ಬೆಳೆದಿದೆ. ನೋಡಲು ಹುಲುಸಾಗಿದೆ. ಆದರೆ ಹೀಗೆ ಹುಟ್ಟಿದ ರೆಂಬೆಗಳು ಮರದ ಒಳತಿರುಳಿನಿಂದ ಬಂದವಲ್ಲ, ತೊಗಟೆಯಂಚಿಗೆ ಅಂಟಿಕೊಂಡವು. ಮುಂಗಾರಿಗೆ ಮುಂಚೆ ಈ ಕಡೆ ಬೀಸುವ ಬಿರುಗಾಳಿಗೆ ಮೊದಲು ಮುರಿಯುವುದು ಇವೇ. ಭಯಪಟ್ಟು ತಲೆ ಕಡಿಸಿದ ಮರ ಕೆಲವೇ ವರ್ಷಗಳಲ್ಲಿ ಮೊದಲಿಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಒಂದು ಕೊಂಬೆಯಲ್ಲಿ ಬದನಿಕೆಯೂ ಸೇರಿಕೊಂಡಿತ್ತು. ಹಕ್ಕಿ ತಂದಿಟ್ಟ ಬೀಜದಿಂದ ಹುಟ್ಟಿ ಹೊಂಗೆಯ ರಸ ಕುಡಿದೇ ಬದುಕುವ ಗಿಡ. ಎಲೆಯನ್ನಷ್ಟೇ ಕಿತ್ತರೆ ಮತ್ತೆ ಬರುತ್ತದೆ. ಅದು ಕೂತ ಜಾಗಕ್ಕಿಂತ ಸ್ವಲ್ಪ ಹಿಂದಕ್ಕೆ ಕೊಂಬೆಯನ್ನೇ ತೆಗೆಯಬೇಕು. ತಂತಿಯ ಹತ್ತಿರದ ಕೆಲಸವಾದ್ದರಿಂದ ಲೈನ್ ಆಫ್ ಮಾಡಿಸದೆ ಯಾರೂ ಏಣಿ ಹತ್ತಬಾರದು ಎಂದು ಎರಡು ಸಲ ಹೇಳಿದೆ.

ಅಲ್ಲಿಂದ ಹಿತ್ತಿಲು. ಬಾಗಿಲು ದಾಟಿದ ಕೂಡಲೇ ತಂಪು. ಎದುರಿಗೆ ಹುಣಸೆ.

‘ಚಿಂತಮಾನು ನೋಡಪ್ಪಾ’ ಎಂದರು ಜಗುಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಜ್ಜಿ. ಇದು ಆಂಧ್ರದ ಗಡಿ. ಒಂದೇ ಮಾತಿನಲ್ಲಿ ಕನ್ನಡವೂ ತೆಲುಗೂ ಬರುತ್ತವೆ. ‘ನಮ್ಮತ್ತೆ ಈ ಮನೆಗೆ ಬಂದಾಗ್ಲೇ ಹಿಂಗೇ ದೊಡ್ಡದಿತ್ತಂತೆ’ ಎಂದರು. ವಯಸ್ಸು ಎಷ್ಟೆಂದು ಇದರಿಂದ ಹೇಳಲಾಗದು, ನೂರು ದಾಟಿರಬಹುದು ಎಂಬುದು ನನ್ನ ಊಹೆ. ಸುತ್ತಳತೆಯನ್ನು ಅಜ್ಜಿಯೇ ಎದ್ದು ಬಂದು ಮೊಳ ಹಾಕಿ ಅಳೆದರು. ಒಂಬತ್ತು ಮೊಳ. ಮಗ್ಗದ ಮುಂದೆ ಕೂತು ಬದುಕು ಕಳೆದ ಕೈ ಅದು, ಅಳತೆ ತಪ್ಪಿರಲಾರದು.

ಮರದ ಪಡುವಣ ಬದಿಯಲ್ಲಿ ಒಂದು ಪೊಟರೆ, ಮಗುವೊಂದು ನಿಲ್ಲುವಷ್ಟು. ಒಳಗೆ ಟಾರ್ಚ್ ಬಿಟ್ಟೆ. ಮೇಲಕ್ಕೆ ಕತ್ತಲೆ. ಕೆಳಗೆ ಒಂದು ಬೂದು ಗರಿ, ಕಾಫಿಪುಡಿಯಂಥ ಮರದ ಹುಡಿ, ಅದರ ನಡುವೆ ಇಟ್ಟಿಗೆ ಚೂರು ಮತ್ತು ಸಿಮೆಂಟಿನ ಒಂದು ಗಟ್ಟಿ. ಹಾವು ಸೇರುತ್ತದೆಂದು ಯಾವಾಗಲೋ ತುಂಬಿಸಿದ್ದಂತೆ. ಸಿಮೆಂಟಿಗೂ ಮರಕ್ಕೂ ನಡುವೆ ಸೀಳು ಬಿಟ್ಟು ನೀರು ಅಲ್ಲೇ ನಿಂತಿದೆ, ಆ ಸಾಲಿನಲ್ಲೇ ಕೊಳೆತ ಹೆಚ್ಚು. ಪೊಟರೆಗೆ ಸಿಮೆಂಟ್ ತುಂಬುವುದು ಒಂದು ಕಾಲಕ್ಕೆ ಹೊರದೇಶಗಳಲ್ಲೂ ಶಿಫಾರಸಾಗಿದ್ದ ಚಿಕಿತ್ಸೆ. ಗಾಳಿಗೆ ತೂಗುವ ಮರ, ತೂಗದ ಸಿಮೆಂಟ್, ಎರಡೂ ಹೊಂದುವುದಿಲ್ಲವೆಂದು ಅದನ್ನು ಕೈಬಿಟ್ಟು ಬಹಳ ಕಾಲವಾಗಿದೆ.

ಪೊಟರೆ ಕಂಡ ಕೂಡಲೇ ಮರ ಸತ್ತಿತು ಎಂದುಕೊಳ್ಳುವವರೇ ಹೆಚ್ಚು. ಮರದ ಜೀವವಿರುವುದು ತೊಗಟೆಯ ಕೆಳಗಿನ ಹೊರಪದರದಲ್ಲಿ. ನಡುವಿನ ಚೇಗು ಆಧಾರ ಮಾತ್ರ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪಿನಲ್ಲಿ ಒಳಗೆಲ್ಲ ಟೊಳ್ಳಾಗಿ, ಕಾಂಡ ಸೀಳಿಹೋಗಿಯೂ ಹಸಿರಾಗಿರುವ ಮರಗಳನ್ನು ನೋಡಬಹುದು. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದ ತೋಪು ಅದು. ಟೊಳ್ಳು ಮರ ನಿಲ್ಲುತ್ತದೋ ಬೀಳುತ್ತದೋ ಎಂಬುದಕ್ಕೆ ಒಂದು ಅಂದಾಜಿನ ಲೆಕ್ಕವಿದೆ: ನಡುವಿನಿಂದ ಅಂಚಿಗಿರುವ ದೂರದ ಮೂರನೇ ಒಂದು ಭಾಗದಷ್ಟು ಗಟ್ಟಿ ಗೋಡೆ ಸುತ್ತಲೂ ಉಳಿದಿರಬೇಕು. ಒಂಬತ್ತು ಮೊಳದ ಮರಕ್ಕೆ ಅದು ಹತ್ತಿರ ಹತ್ತಿರ ಒಂದು ಗೇಣು. ಮರದ ಸುತ್ತಿಗೆಯಿಂದ ಸುತ್ತ ತಟ್ಟುತ್ತಾ ಹೋದೆ. ಮೂರು ಕಡೆ ‘ಟಕ್’ ಎಂಬ ಗಟ್ಟಿ ಸದ್ದು, ಪೊಟರೆಯ ಎಡಕ್ಕೆ ಎರಡು ಗೇಣಿನಷ್ಟು ಜಾಗದಲ್ಲಿ ಮಾತ್ರ ಡೋಲಿನಂಥ ಸದ್ದು. ಬುಡದಲ್ಲಿ ನೆಲ ಬಿರುಕು ಬಿಟ್ಟಿರಲಿಲ್ಲ, ಬೇರು ಎದ್ದಿರಲಿಲ್ಲ, ಅಣಬೆ ಇರಲಿಲ್ಲ. ಬುಡದಲ್ಲಿ ಕಪಾಟಿನ ಹಲಗೆಯಂಥ ಗಟ್ಟಿ ಅಣಬೆ ಎದ್ದಿದ್ದರೆ ನನ್ನ ಮಾತು ಬೇರೆಯೇ ಆಗುತ್ತಿತ್ತು.

ಭಯಪಡಬೇಕಾದದ್ದು ಮೇಲಿತ್ತು. ಅಡುಗೆಮನೆಯ ಶೀಟಿನ ಮೇಲೆ ಚಾಚಿದ ಒಣಕೊಂಬೆ. ಅದನ್ನು ತೆಗೆಸಬೇಕು, ಆದರೆ ತೆಗೆಯುವ ಕ್ರಮವಿದೆ. ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಅರೆ ಗರಗಸ, ಅದರಾಚೆ ಮೇಲಿನಿಂದ ಪೂರ್ತಿ. ಹೀಗಾದರೆ ಭಾರಕ್ಕೆ ತೊಗಟೆ ಸುಲಿದು ಬರುವುದಿಲ್ಲ. ಕೊನೆಗೆ ಉಳಿದ ಮೋಟನ್ನು, ಕೊಂಬೆ ಹುಟ್ಟುವಲ್ಲಿ ಬಳೆಯಂತೆ ಉಬ್ಬಿದ ಭಾಗ ಬಿಟ್ಟು ಕೊಯ್ಯಬೇಕು. ಆ ಬಳೆಯೇ ಗಾಯವನ್ನು ಮುಚ್ಚುವುದು. ಅದೇ ಮರದಲ್ಲಿ ಎರಡನ್ನೂ ನೋಡಿದೆ: ಬಳೆ ಬಿಟ್ಟು ಕೊಯ್ದ ಒಂದು ಹಳೆಯ ಗಾಯದ ಸುತ್ತ ತೊಗಟೆ ತುಟಿಯಂತೆ ಬೆಳೆದು ಬಾಯಿ ಮುಚ್ಚಿತ್ತು. ಮಚ್ಚಿನಲ್ಲಿ ಕೊಚ್ಚಿ ಟಾರು ಬಳಿದ ಇನ್ನೊಂದು ಇನ್ನೂ ಬಾಯಿ ತೆರೆದುಕೊಂಡೇ ಇತ್ತು. 1970ರ ದಶಕದಲ್ಲಿ ಅಮೆರಿಕದ ಅರಣ್ಯ ವಿಜ್ಞಾನಿಯೊಬ್ಬರು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ತೋರಿಸಿಕೊಟ್ಟದ್ದೂ ಇದನ್ನೇ. ಮರ ಗಾಯವನ್ನು ಮಾಯಿಸುವುದಿಲ್ಲ, ಸುತ್ತ ಗೋಡೆ ಕಟ್ಟಿ ಒಳಗೇ ಮುಚ್ಚಿಹಾಕುತ್ತದೆ. ಟಾರು, ಬಣ್ಣ ಬಳಿದರೆ ಅದಕ್ಕೆ ಸಹಾಯವೇನೂ ಆಗದು.

ಮಗ ತೆಗೆಸುವ ವಿಚಾರವನ್ನೂ ಎತ್ತಿದರು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ನಮ್ಮದೇ ಜಾಗದ ಮರವಾದರೂ ಕಡಿಯುವ ಮುನ್ನ ವೃಕ್ಷಾಧಿಕಾರಿಯ ಅನುಮತಿ ಕೇಳಬೇಕು. ಹಳ್ಳಿಗಾಡಿನಲ್ಲಿ ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಅರಣ್ಯ ಇಲಾಖೆಯಲ್ಲಿ ಕೇಳಿಯೇ ಮುಂದುವರಿಯುವುದು ಸರಿ. ಆದರೆ ಈ ಹುಣಸೆಯನ್ನು ಕಡಿಸುವ ಕಾರಣ ನನಗೆ ಕಾಣಲಿಲ್ಲ. ಅಜ್ಜಿ ಒಂದು ಹಣ್ಣು ಕೈಗಿಟ್ಟರು. ದಪ್ಪ ತಿರುಳು, ಹುಳಿಯ ಹಿಂದೆ ಸಿಹಿ. ಹೆಣ್ಣುಮಕ್ಕಳೆಲ್ಲ ವರ್ಷಕ್ಕಾಗುವಷ್ಟನ್ನು ಇಲ್ಲಿಂದಲೇ ಒಯ್ಯುತ್ತಾರಂತೆ. ಇಂಥ ಮರದ ಕಡ್ಡಿಯಿಂದ ಕಸಿ ಮಾಡಿಟ್ಟುಕೊಳ್ಳಿ ಎಂದೆ. ನಮ್ಮದೇ ಜಿಲ್ಲೆಯ ಚೇಳೂರಿನ ರೈತರೊಬ್ಬರ ಒಂದೇ ಒಂದು ಹಲಸಿನ ಮರ, ಹಿರೇಹಳ್ಳಿಯ ವಿಜ್ಞಾನಿಗಳು ಕಸಿ ಮಾಡಿದ್ದರಿಂದ ‘ಸಿದ್ದು’ ಎಂಬ ಹೆಸರಲ್ಲಿ ಸಾವಿರಾರು ಗಿಡವಾಗಿ ಹರಡಿದೆ.

ಬಚ್ಚಲ ನೀರು ಹರಿಯುವಲ್ಲಿ ಎರಡು ತೆಂಗು. ಹತ್ತಲು ಕಾಂಡದಲ್ಲಿ ಕಚ್ಚು ಹಾಕಿದ್ದಾರೆ. ತೆಂಗಿನ ಗಾಯ ಯಾವತ್ತೂ ಮುಚ್ಚುವುದಿಲ್ಲ, ಹೊಸ ತೊಗಟೆ ಬೆಳೆಸುವ ಪದರವೇ ಅದಕ್ಕಿಲ್ಲ. ಇನ್ನು ಮುಂದೆ ಕಚ್ಚು ಬೇಡ ಎಂದಷ್ಟೇ ಹೇಳಿದೆ.

ಮೂಲೆಯಲ್ಲಿ ಕಡಲೆಕಾಯಿ ಹೊಟ್ಟಿನ ನಾಲ್ಕು ಚೀಲ ಇದ್ದವು. ಒಲೆಗೆ ಇಟ್ಟದ್ದು. ಅದರಲ್ಲಿ ಎರಡನ್ನು ಹುಣಸೆಗೆ ಕೊಡಿ ಎಂದು ಕೇಳಿಕೊಂಡೆ: ರೆಂಬೆಗಳ ನೆರಳು ಬೀಳುವ ಅಂಚಿನಲ್ಲಿ ಮೂರು ಬೆರಳು ದಪ್ಪಕ್ಕೆ ಹರಡಿ, ಗೆದ್ದಲು ಹತ್ತದಂತೆ ಕಾಂಡದಿಂದ ಒಂದಡಿ ದೂರ ಬಿಟ್ಟು. ಬೇಸಿಗೆಯಲ್ಲಿ ತಿಂಗಳಿಗೆರಡು ಸಲ ನೀರು ಕೊಡುವುದಾದರೆ ಅದೂ ಆ ಅಂಚಿಗೇ, ಬುಡಕ್ಕಲ್ಲ.

ಹೊರಡುವಾಗ ಮತ್ತೆ ಬೇವಿನ ಕಟ್ಟೆಯ ಬಳಿ ನಿಂತೆವು. ಮಗ ಕಾಂಡದ ಪಕ್ಕದ ಟೈಲ್ಸ್ ಒಂದನ್ನು ಸುತ್ತಿಗೆಯಿಂದ ಮೆಲ್ಲಗೆ ಎಬ್ಬಿಸಿದರು. ಕೆಳಗಿನ ಮಣ್ಣು ಈ ಬಿಸಿಲಿನಲ್ಲೂ ಒದ್ದೆಯಾಗಿತ್ತು. ಕೆದಕಿದಾಗ ಹುಳಿತ ವಾಸನೆ ಬಂತು, ತೊಗಟೆ ಮೆತ್ತಗಿತ್ತು. ಬೇರಿಗೆ ಪೆಟ್ಟಾಗದಂತೆ ಕೈಯಿಂದಲೇ ಮಣ್ಣು ತೆಗೆಯುತ್ತಾ ಹಳೆಯ ನೆಲದ ಮಟ್ಟಕ್ಕೆ ಇಳಿಯಬೇಕು, ಎಷ್ಟು ಚೇತರಿಸಿಕೊಳ್ಳುತ್ತದೋ ಮುಂದಿನ ವರ್ಷದ ಚಿಗುರೇ ಹೇಳಬೇಕು. ನಿಮ್ಮ ಮನೆಯ ಮುಂದೆಯೂ ಹಳೆಯ ಮರಕ್ಕೆ ಇಂಥದ್ದೇ ಕಟ್ಟೆ ಇದ್ದರೆ, ಈ ಮಳೆಗಾಲ ಬರುವ ಮೊದಲು ಕಾಂಡದ ಸುತ್ತಲಿನ ಸಿಮೆಂಟನ್ನು ಎರಡು ಅಡಿಯಷ್ಟಾದರೂ ಬಿಡಿಸಿಕೊಡಿ.